ಗೆರೆಗೆ ಸೇರದ ಚುಕ್ಕೆಗಳು

ಬೆಳಗಿನ ಹೊತ್ತಿನಲ್ಲಿ ಬೆಂಗಳೂರಿನ ಜಯನಗರದ ಹಳೆಯ ಅಡ್ಡರಸ್ತೆಗಳಲ್ಲಿ ನಡೆದುಹೋಗುವವರಿಗೆ ಒಂದು ಚೆಲುವಾದ ನೋಟ ಇಂದಿಗೂ ಕಾಣಸಿಗುತ್ತದೆ. ಮನೆಯಂಗಳವನ್ನು ಗುಡಿಸಿ, ನೀರು ಚಿಮುಕಿಸಿ, ಮನೆಯವರಲ್ಲಿ ಯಾರಾದರೊಬ್ಬರು ಬಾಗಿ ನಿಂತು ರಂಗವಲ್ಲಿ ಹಾಕುತ್ತಿರುತ್ತಾರೆ. ಹೆಬ್ಬೆರಳು ತೋರುಬೆರಳುಗಳ ಸಂದಿಯಿಂದ ಬಿಳಿಯ ಪುಡಿ ಇಳಿದು ಮೊದಲು ಸಾಲುಸಾಲಾಗಿ ಚುಕ್ಕೆಗಳು ಮೂಡುತ್ತವೆ. ಆ ಬಳಿಕ ಗೆರೆಗಳು ಓಡಾಡಿ ಅವುಗಳನ್ನು ಒಂದಕ್ಕೊಂದು ಕೂಡಿಸುತ್ತವೆ. ನೋಡುನೋಡುತ್ತಿದ್ದಂತೆ ನೆಲದ ಮೇಲೆ ತಾವರೆಯೋ ನಕ್ಷತ್ರವೋ ಅರಳುತ್ತದೆ. ನಾನು ಚಿಕ್ಕವನಾಗಿದ್ದಾಗ ನಮ್ಮ ತಾಯಿಯ ಪಕ್ಕದಲ್ಲಿ ಕುಳಿತು ಈ ಕಲೆಯನ್ನು ನೋಡುತ್ತಿದ್ದೆ. ಅವರು ಹೇಳುತ್ತಿದ್ದ ನಿಯಮ ಒಂದೇ: "ಎಣಿಸಿ ಇಡು, ಇಟ್ಟ ಮೇಲೆ ಯಾವ ಚುಕ್ಕೆಯನ್ನೂ ಬಿಡಬೇಡ." ಗೆರೆಗೆ ಸೇರದೆ ಉಳಿದ ಚುಕ್ಕೆ ಲೆಕ್ಕ ತಪ್ಪಿದ ಗುರುತು ಎಂಬುದು ಅವರ ಮತ.

ರಂಗವಲ್ಲಿಯ ಮಟ್ಟಿಗೆ ಈ ನಿಯಮ ಸರಿಯಾದದ್ದೇ. ಆದರೆ ಒಂದೆಡೆ ಸರಿಯಾದ ನಿಯಮವನ್ನು ವಿಚಾರಿಸದೆ ಇನ್ನೊಂದೆಡೆಗೆ ಒಯ್ದರೆ ಅನರ್ಥವಾಗುವುದುಂಟು. ನಾನು ಹಾಗೆ ಮಾಡಿ ಒಮ್ಮೆ ತಪ್ಪಿದೆ. ಆ ತಪ್ಪಿನಿಂದ ನಾನು ಕಲಿತುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಇದು ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಬೆಂಗಳೂರಿನ ದಕ್ಷಿಣ ಭಾಗದ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಉಪಾಧ್ಯಾಯನಾಗಿದ್ದೆ. ಒಂದು ದಿನ ವಿಜ್ಞಾನದ ಮೇಷ್ಟ್ರು ರಜೆಯ ಮೇಲೆ ಹೋದುದರಿಂದ ಒಂಬತ್ತನೆಯ ತರಗತಿಯನ್ನು ನೋಡಿಕೊಳ್ಳುವ ಹೊಣೆ ನನಗೆ ಬಂತು. ಮಕ್ಕಳು ತಮ್ಮ ತಮ್ಮ ಪುಸ್ತಕಗಳಲ್ಲಿ ಅಣುಗಳ ಚುಕ್ಕೆಚಿತ್ರಗಳನ್ನು ಬರೆಯುತ್ತಿದ್ದರು. ನಾನು ಸಾಲುಗಳ ನಡುವೆ ಓಡಾಡುತ್ತ ಒಬ್ಬ ವಿದ್ಯಾರ್ಥಿನಿಯ ಬಳಿ ನಿಂತೆ. ಅವಳು ನೀರಿನ ಅಣುವನ್ನು ಬರೆದಿದ್ದಳು. ನಡುವೆ ಆಮ್ಲಜನಕ, ಅದರ ಎರಡು ಕಡೆಗಳಲ್ಲಿ ಜಲಜನಕ. ಜಲಜನಕಕ್ಕೂ ಆಮ್ಲಜನಕಕ್ಕೂ ನಡುವೆ ಎರಡೆರಡು ಚುಕ್ಕೆಗಳು. ಅವನ್ನು ಅವಳು ಗೆರೆಯಿಂದ ಸುತ್ತುವರಿದಿದ್ದಳು. ಆದರೆ ಆಮ್ಲಜನಕದ ಪಕ್ಕದಲ್ಲಿ ಇನ್ನೂ ನಾಲ್ಕು ಚುಕ್ಕೆಗಳು ಯಾವ ಗೆರೆಗೂ ಸೇರದೆ ಉಳಿದಿದ್ದವು.

"ಇದೇನಮ್ಮಾ, ನಾಲ್ಕು ಚುಕ್ಕೆ ಸುಮ್ಮನೆ ಉಳಿದುಬಿಟ್ಟಿವೆಯಲ್ಲ? ಒರೆಸಿಬಿಡು" ಎಂದೆ.

ಅವಳು ಏನನ್ನೋ ಹೇಳಲು ಬಾಯಿ ತೆರೆದಳು. ನನ್ನ ಮುಖವನ್ನು ನೋಡಿದಳು. ಮತ್ತೆ ಏನೂ ಹೇಳದೆ ರಬ್ಬರು ತೆಗೆದುಕೊಂಡು ಆ ನಾಲ್ಕು ಚುಕ್ಕೆಗಳನ್ನು ಅಳಿಸಿದಳು. ನಾನು ತೃಪ್ತನಾಗಿ ಮುಂದೆ ನಡೆದೆ.

ಒಂದು ವಾರ ಕಳೆಯಿತು. ಒಂದು ಮಧ್ಯಾಹ್ನ ಉಪಾಧ್ಯಾಯರ ಕೊಠಡಿಯಲ್ಲಿ ವಿಜ್ಞಾನದ ಮೇಷ್ಟ್ರು ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ, "ಈ ಹುಡುಗಿ ಜಾಣೆ. ಆದರೂ ನೀರಿನ ಚಿತ್ರದಲ್ಲಿ ನಾಲ್ಕು ಚುಕ್ಕೆ ಬಿಟ್ಟಿದ್ದಾಳೆ. ಹೀಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರೆ, ಯಾರೂ ಇಲ್ಲ ಸಾರ್, ನಾನೇ ಮರೆತೆ ಎನ್ನುತ್ತಾಳೆ" ಎಂದು ಪತ್ರಿಕೆಯನ್ನು ನನ್ನ ಕಡೆಗೆ ನೀಡಿದರು. ಆ ಹೆಸರನ್ನು ನೋಡಿದ ಕೂಡಲೇ ನನ್ನ ಮುಖ ಕೆಂಪೇರಿತು. ಅವಳು ತನ್ನ ಅಂಕಗಳನ್ನು ಕಳೆದುಕೊಂಡು ನನ್ನ ಮಾನವನ್ನು ಉಳಿಸಿದ್ದಳು.

"ಮೇಷ್ಟ್ರೇ, ತಪ್ಪು ಅವಳದಲ್ಲ, ನನ್ನದು. ಆ ನಾಲ್ಕು ಚುಕ್ಕೆಗಳು ಏಕೆ ಬೇಕು ಎಂಬುದನ್ನು ನನಗೆ ಮೊದಲಿನಿಂದ ಹೇಳಿಕೊಡಬೇಕು" ಎಂದೆ. ಅವರು ನಕ್ಕು, ಒಂದು ಸೀಮೆಸುಣ್ಣದ ತುಂಡನ್ನು ಕೈಗೆ ತೆಗೆದುಕೊಂಡರು.

ಅವರು ಹೇಳಿದುದರ ಸಾರಾಂಶ ಹೀಗಿದೆ.

ಪ್ರತಿಯೊಂದು ಪರಮಾಣುವಿನ ನಡುವೆ ಒಂದು ಬೀಜಕೇಂದ್ರವಿದೆ. ಅದರ ಸುತ್ತ ಎಲೆಕ್ಟ್ರಾನುಗಳು ಒಂದರ ಹೊರಗೆ ಒಂದರಂತೆ ಇರುವ ಕವಚಗಳಲ್ಲಿ ನೆಲೆಸಿವೆ. ಪರಮಾಣುಗಳು ಒಂದನ್ನೊಂದು ಸಂಧಿಸಿದಾಗ ಒಳಗಿನ ಕವಚಗಳವು ಬಹುಮಟ್ಟಿಗೆ ತಟಸ್ಥವಾಗಿರುತ್ತವೆ. ವ್ಯವಹಾರವೆಲ್ಲ ಹೊರಕವಚದ ಎಲೆಕ್ಟ್ರಾನುಗಳದು. ಮನೆಯ ಒಳಕೋಣೆಯಲ್ಲಿರುವವರಿಗಿಂತ ಹೊರಜಗಲಿಯಲ್ಲಿ ಕುಳಿತವರೇ ದಾರಿಹೋಕರೊಡನೆ ಮಾತನಾಡುವಂತೆ ಇದು. ಹೊರಕವಚದ ಈ ಎಲೆಕ್ಟ್ರಾನುಗಳಿಗೆ ವೇಲೆನ್ಸಿ ಎಲೆಕ್ಟ್ರಾನುಗಳು ಎಂದು ಹೆಸರು. ಜಲಜನಕಕ್ಕೆ ಇಂತಹುದು ಒಂದು, ಇಂಗಾಲಕ್ಕೆ ನಾಲ್ಕು, ಸಾರಜನಕಕ್ಕೆ ಐದು, ಆಮ್ಲಜನಕಕ್ಕೆ ಆರು. ಯಾರೊಡನೆಯೂ ಸುಲಭವಾಗಿ ಕೂಡದ ನಿಯಾನ್, ಆರ್ಗಾನ್ ಮೊದಲಾದ ಅನಿಲಗಳಿಗೆ ಎಂಟು. ಹೀಲಿಯಮ್ಮಿಗೆ ಮಾತ್ರ ಎರಡು. ಅದರ ಏಕೈಕ ಕವಚ ಎರಡಕ್ಕೇ ತುಂಬಿಹೋಗುತ್ತದೆ.

ಎಂಟು ತುಂಬಿದವು ಶಾಂತವಾಗಿವೆ. ತುಂಬದವು ಜೊತೆಯನ್ನು ಅರಸುತ್ತವೆ. ಈ ಸಂಗತಿಯನ್ನು ಚುಕ್ಕೆಗಳ ಭಾಷೆಯಲ್ಲಿ ಬರೆದವನು ಅಮೆರಿಕದ ಗಿಲ್ಬರ್ಟ್ ನ್ಯೂಟನ್ ಲೂಯಿಸ್ ಎಂಬ ರಸಾಯನಶಾಸ್ತ್ರಜ್ಞ. ಅವನು ಹುಟ್ಟಿದ್ದು 1875ರಲ್ಲಿ. ಎಲೆಕ್ಟ್ರಾನನ್ನು ಜೆ. ಜೆ. ಥಾಮ್ಸನ್ ಕಂಡುಹಿಡಿದದ್ದು 1897ರಲ್ಲಿ. ಅದಾಗಿ ಐದೇ ವರ್ಷಗಳ ತರುವಾಯ, 1902ರಲ್ಲಿ, ಲೂಯಿಸನು ಎಳೆಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕಾಲದಲ್ಲಿ ಪರಮಾಣುವನ್ನು ಒಂದು ಘನಾಕೃತಿಯಂತೆ ಬರೆದು, ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನುಗಳನ್ನು ಇಟ್ಟು ತೋರಿಸುವ ಉಪಾಯವನ್ನು ಯೋಚಿಸಿದನು. ಹದಿನಾಲ್ಕು ವರ್ಷಗಳ ಕಾಲ ಈ ಯೋಚನೆ ಅವನ ಮನಸ್ಸಿನಲ್ಲಿ ಮಾಗಿತು. 1916ರಲ್ಲಿ ಅವನು ಪ್ರಕಟಿಸಿದ ಲೇಖನದಲ್ಲಿ ಒಂದು ಹೊಸ ಮಾತಿತ್ತು: ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನುಗಳನ್ನು ಹಂಚಿಕೊಂಡರೆ ಅದೇ ಅವುಗಳ ನಡುವಣ ಬಂಧ. ಒಬ್ಬರು ಕೊಟ್ಟು ಇನ್ನೊಬ್ಬರು ಕೊಂಡದ್ದಲ್ಲ; ಇಬ್ಬರೂ ತಲಾ ಒಂದನ್ನು ತಂದು ನಡುವೆ ಇಟ್ಟು ಇಬ್ಬರೂ ತಮ್ಮದೆಂದು ಎಣಿಸುವುದು. ಇದನ್ನೇ ನಾವು ಸಹವೇಲೆನ್ಸಿ ಬಂಧ ಎಂದು ಕರೆಯುತ್ತೇವೆ. ಲೂಯಿಸನ ಹೆಸರು ನೊಬೆಲ್ ಪಾರಿತೋಷಕಕ್ಕೆ ಹಲವು ಬಾರಿ ಸೂಚಿತವಾಯಿತು. ಆದರೆ ಅದು ಅವನಿಗೆ ದೊರೆಯಲಿಲ್ಲ. 1946ರಲ್ಲಿ ಅವನು ತನ್ನ ಪ್ರಯೋಗಶಾಲೆಯಲ್ಲಿಯೇ ಕೊನೆಯುಸಿರೆಳೆದನು. ಅವನು ಇಟ್ಟ ಚುಕ್ಕೆಗಳು ಮಾತ್ರ ಲೋಕದ ಎಲ್ಲ ಶಾಲೆಗಳ ಕಪ್ಪುಹಲಗೆಗಳ ಮೇಲೆ ಇಂದಿಗೂ ಮೂಡುತ್ತಿವೆ.

ಈ ಚಿತ್ರಗಳನ್ನು ಬರೆಯುವ ಕ್ರಮ ಸುಲಭ. ಮೊದಲು ಅಣುವಿನಲ್ಲಿರುವ ಪರಮಾಣುಗಳ ವೇಲೆನ್ಸಿ ಎಲೆಕ್ಟ್ರಾನುಗಳನ್ನೆಲ್ಲ ಕೂಡಿಸಬೇಕು. ಅನಂತರ ಪರಮಾಣುಗಳ ನಡುವೆ ಒಂದೊಂದು ಜೊತೆ ಚುಕ್ಕೆಯನ್ನು ಇಡಬೇಕು. ಮಿಕ್ಕ ಚುಕ್ಕೆಗಳನ್ನು, ಪ್ರತಿಯೊಂದು ಪರಮಾಣುವಿನ ಸುತ್ತ ಎಂಟು ಆಗುವಂತೆ ಜೊತೆಜೊತೆಯಾಗಿ ಹಂಚಬೇಕು. ಜಲಜನಕಕ್ಕೆ ಮಾತ್ರ ಎರಡೇ ಸಾಕು.

ನೈಸರ್ಗಿಕ ಅನಿಲದ ಮುಖ್ಯ ಭಾಗವಾದ ಮೀಥೇನನ್ನು ತೆಗೆದುಕೊಳ್ಳಿ. ಅದರಲ್ಲಿ ಒಂದು ಇಂಗಾಲ, ನಾಲ್ಕು ಜಲಜನಕ. ನಾಲ್ಕಕ್ಕೆ ನಾಲ್ಕು ಸೇರಿ ಎಂಟು ಚುಕ್ಕೆಗಳು. ಎಂಟೂ ನಾಲ್ಕು ಬಂಧಗಳಲ್ಲಿ ಮುಗಿದುಹೋಗುತ್ತವೆ. ದನದ ಕೊಟ್ಟಿಗೆಯಲ್ಲಿ ಮೂಗಿಗೆ ಘಾಟು ಹೊಡೆಯುವ ಅಮೋನಿಯದಲ್ಲಿ ಒಂದು ಸಾರಜನಕ, ಮೂರು ಜಲಜನಕ. ಐದಕ್ಕೆ ಮೂರು ಸೇರಿ ಮತ್ತೆ ಎಂಟು. ಮೂರು ಬಂಧಗಳಿಗೆ ಆರು ಹೋಗಿ ಒಂದು ಜೊತೆ ಉಳಿಯುತ್ತದೆ. ನೀರಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ. ಆರಕ್ಕೆ ಎರಡು ಸೇರಿ ಇಲ್ಲಿಯೂ ಎಂಟೇ; ಎರಡು ಬಂಧಗಳಿಗೆ ನಾಲ್ಕು ಹೋಗಿ ಎರಡು ಜೊತೆ ಉಳಿಯುತ್ತವೆ. ಹೀಗೆ ಬಂಧಕ್ಕೆ ಸೇರದ ಜೊತೆಗೆ ನಮ್ಮ ವಿಜ್ಞಾನಿಗಳು ಒಂಟಿ ಜೋಡಿ ಎಂದು ಹೆಸರಿಟ್ಟಿದ್ದಾರೆ. ಜೋಡಿಯಾಗಿದ್ದೂ ಒಂಟಿ! ಕನ್ನಡ ಉಪಾಧ್ಯಾಯನಾದ ನನಗೆ ಈ ಹೆಸರು ತಟ್ಟನೆ ಹಿಡಿಸಿತು. ಆದರೆ ನನ್ನ ಸಂದೇಹ ತೀರಲಿಲ್ಲ.

"ಸರಿ ಮೇಷ್ಟ್ರೇ, ಲೆಕ್ಕಕ್ಕೆ ಎಂಟಾಗಬೇಕು, ಅದಕ್ಕಾಗಿ ಈ ನಾಲ್ಕನ್ನು ಬರೆಯಬೇಕು. ಬಂಧಗಳು ಅಣುವನ್ನು ಹಿಡಿದಿಟ್ಟುಕೊಂಡಿವೆ. ಈ ಒಂಟಿ ಜೋಡಿಗಳು ಮಾಡುವ ಕೆಲಸವೇನು?" ಎಂದು ಕೇಳಿದೆ.

ಅವರು ಕೂಡಲೇ ಉತ್ತರ ಕೊಡಲಿಲ್ಲ. ಮಾರನೆಯ ದಿನ ಜಯನಗರ ನಾಲ್ಕನೆಯ ಬ್ಲಾಕಿನ ಅಂಗಡಿಸಾಲಿನಿಂದ ಒಂದು ಹಿಡಿ ಬಲೂನುಗಳನ್ನು ತಂದರು. ಒಂದೇ ಗಾತ್ರಕ್ಕೆ ಊದಿದ ಎರಡು ಬಲೂನುಗಳ ಬಾಯಿಗಳನ್ನು ಸೇರಿಸಿ ಕಟ್ಟಿದರು. ಅವು ಎದುರುಬದುರಾಗಿ ನಿಂತು ಒಂದೇ ಸಾಲಾದವು. ಮೂರನೆಯದನ್ನು ಕಟ್ಟಿದರು. ಮೂರೂ ಒಂದು ತ್ರಿಕೋನದ ಮೂಲೆಗಳ ಕಡೆಗೆ ಚಾಚಿಕೊಂಡವು. ನಾಲ್ಕನೆಯದನ್ನು ಕಟ್ಟಿದರು. ಕೂಡಿಸುವ ಚಿಹ್ನೆಯಂತೆ ನಾಲ್ಕೂ ನೆಲಕ್ಕೆ ಸಮನಾಗಿ ಹರಡುವುವೆಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಅವು ತಾವೇ ಹೊರಳಿ, ಮೂರು ಕೆಳಗೆ ಕಾಲುಗಳಂತೆ ಊರಿ, ಮೇಲೊಂದು ಎದ್ದು ನಿಂತಿತು. ಹಳ್ಳಿಯ ದಾರಿಗಳಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲ ಮುಳ್ಳನ್ನು ನೋಡಿದವರಿಗೆ ಈ ಆಕಾರ ಹೊಸದಲ್ಲ. ಅದು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ.

"ಬಲೂನುಗಳಿಗೆ ಯಾರೂ ಹೀಗೆ ನಿಲ್ಲಿರೆಂದು ಹೇಳಿಲ್ಲ. ಪ್ರತಿಯೊಂದಕ್ಕೂ ತನ್ನ ಜಾಗ ಬೇಕು. ಒಂದು ಇನ್ನೊಂದರಿಂದ ಆದಷ್ಟು ದೂರ ಸರಿಯುತ್ತದೆ. ಎಲೆಕ್ಟ್ರಾನು ಜೊತೆಗಳೂ ಹಾಗೆಯೇ" ಎಂದರು ಮೇಷ್ಟ್ರು.

ಈ ತತ್ತ್ವವನ್ನು 1940ರಲ್ಲಿ ಆಕ್ಸ್‌ಫರ್ಡಿನ ಸಿಜ್‌ವಿಕ್ ಮತ್ತು ಪೊವೆಲ್ ಎಂಬ ವಿಜ್ಞಾನಿಗಳು ಸೂಚಿಸಿದರು. 1957ರಲ್ಲಿ ಲಂಡನ್ನಿನ ಗಿಲೆಸ್ಪಿ ಮತ್ತು ನೈಹೋಮ್ ಅದನ್ನು ಬೆಳೆಸಿ, ಅಣುವಿನ ಆಕಾರವನ್ನು ಊಹಿಸಿ ಹೇಳುವ ಸರಳ ಸೂತ್ರವನ್ನಾಗಿ ಮಾಡಿದರು. ಎಲೆಕ್ಟ್ರಾನುಗಳು ಋಣವಿದ್ಯುತ್ತಿನ ಕಣಗಳಾದುದರಿಂದ ಒಂದು ಜೊತೆ ಮತ್ತೊಂದು ಜೊತೆಯನ್ನು ದೂಡುತ್ತದೆ ಎಂದು ತಿಳಿದರೆ ನಮ್ಮ ಸದ್ಯದ ಅಗತ್ಯಕ್ಕೆ ಸಾಕು. ನಡುವಿನ ಪರಮಾಣುವಿನ ಸುತ್ತ ನಾಲ್ಕು ಜೊತೆಗಳಿದ್ದರೆ ಅವು ಚತುರ್ಮುಖಿಯ ನಾಲ್ಕು ಮೂಲೆಗಳ ಕಡೆಗೆ ತಿರುಗುತ್ತವೆ. ಆಗ ಒಂದು ಬಂಧಕ್ಕೂ ಇನ್ನೊಂದಕ್ಕೂ ನಡುವೆ 109.5 ಡಿಗ್ರಿಗಳ ಕೋನ ಏರ್ಪಡುತ್ತದೆ. ಮೀಥೇನಿನಲ್ಲಿ ಇರುವುದು ಸರಿಯಾಗಿ ಇದೇ ಕೋನ.

ಈಗ ಒಂಟಿ ಜೋಡಿಗಳ ಕಡೆಗೆ ಬರೋಣ. ಅಮೋನಿಯದಲ್ಲಿಯೂ ನಾಲ್ಕು ಜೊತೆಗಳಿವೆ. ಒಂದು ಮಾತ್ರ ಒಂಟಿ. ಅದು ನಮ್ಮ ಕಣ್ಣಿಗೆ ಬಂಧದಂತೆ ಕಾಣಿಸದಿದ್ದರೂ ಜಾಗವನ್ನು ಬಿಟ್ಟುಕೊಡುವುದಿಲ್ಲ. ಬಂಧದ ಜೊತೆಯನ್ನು ಎರಡು ಬೀಜಕೇಂದ್ರಗಳು ಎರಡು ಕಡೆಯಿಂದ ಎಳೆದು ಹಿಡಿದಿರುತ್ತವೆ. ಒಂಟಿ ಜೋಡಿಯನ್ನು ಹಿಡಿದಿರುವುದು ಒಂದೇ ಬೀಜಕೇಂದ್ರ. ಆದ್ದರಿಂದ ಅದು ಹೆಚ್ಚು ಹರಡಿಕೊಂಡು ಉಳಿದ ಮೂರನ್ನು ಹತ್ತಿರಕ್ಕೆ ಒತ್ತುತ್ತದೆ. ಕೋನವು 107 ಡಿಗ್ರಿಗೆ ಇಳಿಯುತ್ತದೆ. ಅಣುವು ಮುಕ್ಕಾಲಿಯ ಆಕಾರವನ್ನು ತಾಳುತ್ತದೆ. ನೀರಿನಲ್ಲಿ ಒಂಟಿ ಜೋಡಿಗಳು ಎರಡು. ಅವು ಬಂಧಗಳನ್ನು ಇನ್ನಷ್ಟು ಒತ್ತಿ ಕೋನವನ್ನು 104.5 ಡಿಗ್ರಿಗೆ ತರುತ್ತವೆ. ಹೀಗೆ ನೀರಿನ ಅಣು ನೇರವಾದ ಕೋಲಿನಂತಿರದೆ, ಮೊಣಕೈ ಮಡಿಸಿದ ತೋಳಿನಂತೆ ಬಾಗಿದೆ.

ನಾನು ಅಳಿಸಿಹಾಕಿಸಿದ್ದು ಈ ಎರಡು ಜೋಡಿಗಳನ್ನೇ. ಅವು ಇಲ್ಲದಿದ್ದಲ್ಲಿ ಬಂಧಗಳು ಹೇಗೆ ನಿಲ್ಲುತ್ತವೆ ಎಂಬುದಕ್ಕೆ ನಾವು ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡು ಸಾಕ್ಷಿ. ಅಲ್ಲಿ ನಡುವಿನ ಇಂಗಾಲವು ಎರಡು ಕಡೆಯ ಆಮ್ಲಜನಕಗಳೊಡನೆ ಎರಡೆರಡು ಜೊತೆಗಳನ್ನು ಹಂಚಿಕೊಂಡಿದೆ. ಇಂಗಾಲದ ಮೇಲೆ ಒಂಟಿ ಜೋಡಿ ಉಳಿದಿಲ್ಲ. ಆದುದರಿಂದ ಆ ಅಣು ಗೆರೆ ಎಳೆದಂತೆ ನೇರವಾಗಿದೆ, ಕೋನ 180 ಡಿಗ್ರಿ.

ಬಾಗಿದರೇನು, ನೇರವಾಗಿದ್ದರೇನು, ಅದರಿಂದ ನಮಗಾಗುವ ಲಾಭನಷ್ಟಗಳೇನು ಎಂದು ನೀವು ಕೇಳಬಹುದು. ಉತ್ತರ ನಿಮ್ಮ ಮನೆಯ ನಲ್ಲಿಯಲ್ಲಿಯೇ ಇದೆ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರವನ್ನು ಕೊಳವೆಗಳಲ್ಲಿ ಕ್ರಮಿಸಿ, ಸುಮಾರು ಐನೂರು ಮೀಟರ್ ಎತ್ತರವನ್ನು ಯಂತ್ರಗಳ ಬಲದಿಂದ ಏರಿ, 1974ರಿಂದ ಬೆಂಗಳೂರಿಗೆ ಬರುತ್ತಿದೆ. ಆ ನೀರನ್ನು ಒಂದು ಪಾತ್ರೆಯಲ್ಲಿ ಒಲೆಯ ಮೇಲಿಟ್ಟರೆ ಅದು ಕುದಿಯಲು ಬಹಳ ಹೊತ್ತು ಬೇಕು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ಒಂಬೈನೂರು ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಯಲ್ಲಿ. ಆಮ್ಲಜನಕದ ಬಂಧುವಾದ ಗಂಧಕವು ಜಲಜನಕದೊಡನೆ ಕೂಡಿ ಆಗುವ ಹೈಡ್ರೊಜನ್ ಸಲ್ಫೈಡು ನೀರಿಗಿಂತ ಭಾರವಾದ ಅಣು. ಆದರೂ ಅದು ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ. ಆ ಲೆಕ್ಕದಲ್ಲಿ ಹಗುರವಾದ ನೀರು ಇನ್ನೂ ಮೊದಲೇ ಆವಿಯಾಗಿ ಹೋಗಬೇಕಿತ್ತು. ನದಿ, ಕೆರೆ, ಕಡಲು ಯಾವುದೂ ಇರಬಾರದಾಗಿತ್ತು. ನೀರನ್ನು ನೀರಾಗಿ ತಡೆದು ನಿಲ್ಲಿಸಿದ ಶಕ್ತಿ ಯಾವುದು?

ಆಮ್ಲಜನಕಕ್ಕೆ ಎಲೆಕ್ಟ್ರಾನುಗಳ ಮೇಲೆ ಆಸೆ ಹೆಚ್ಚು. ಹಂಚಿಕೊಂಡ ಜೊತೆಗಳನ್ನೂ ಅದು ತನ್ನ ಕಡೆಗೆ ಸ್ವಲ್ಪ ಎಳೆದುಕೊಳ್ಳುತ್ತದೆ. ಹಾಗಾಗಿ ಆಮ್ಲಜನಕದ ಬದಿಗೆ ಅಲ್ಪ ಋಣವಿದ್ಯುತ್ತೂ ಜಲಜನಕಗಳ ಬದಿಗೆ ಅಲ್ಪ ಧನವಿದ್ಯುತ್ತೂ ಉಂಟಾಗುತ್ತವೆ. ಅಣು ನೇರವಾಗಿದ್ದರೆ ಎರಡು ಕಡೆಯ ಎಳೆತಗಳು ಒಂದನ್ನೊಂದು ಕಳೆದುಬಿಡುತ್ತಿದ್ದವು. ಇಂಗಾಲದ ಡೈಆಕ್ಸೈಡಿನಲ್ಲಿ ಆಗುವುದು ಅದೇ. ನೀರಿನ ಅಣು ಬಾಗಿರುವುದರಿಂದ ಅವು ಕಳೆದುಹೋಗುವುದಿಲ್ಲ. ಒಂದು ಅಣುವಿನ ಜಲಜನಕವು ಪಕ್ಕದ ಅಣುವಿನ ಒಂಟಿ ಜೋಡಿಯ ಕಡೆಗೆ ಸೆಳೆಯಲ್ಪಡುತ್ತದೆ. ಈ ಸೆಳೆತಕ್ಕೆ ಜಲಜನಕ ಬಂಧ ಎಂದು ಹೆಸರು. ಅಣುವಿನ ಒಳಗಿನ ಬಂಧಕ್ಕಿಂತ ಇದು ಬಹು ದುರ್ಬಲವಾದದ್ದು. ಆದರೆ ಒಂದು ತೊಟ್ಟು ನೀರಿನಲ್ಲಿಯೂ ಇಂಥವು ಎಣಿಕೆಗೆ ಸಿಗದಷ್ಟಿವೆ. ಇವನ್ನು ಬಿಡಿಸಿದ ಹೊರತು ನೀರು ಆವಿಯಾಗಲಾರದು. ಹೈಡ್ರೊಜನ್ ಸಲ್ಫೈಡಿನ ಅಣುವೂ ಬಾಗಿದೆ, ಅದರಲ್ಲಿಯೂ ಒಂಟಿ ಜೋಡಿಗಳಿವೆ. ಆದರೆ ಗಂಧಕದ ಸೆಳೆತ ಆಮ್ಲಜನಕದಷ್ಟು ಬಲವಾದುದಲ್ಲ. ಆಕಾರ ಮತ್ತು ಸೆಳೆತ ಎರಡೂ ಕೂಡಿದಾಗಲೇ ನೀರು ನೀರಾಗುವುದು.

ಮಂಜುಗಡ್ಡೆಯಲ್ಲಿ ಈ ಏರ್ಪಾಡು ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ಪ್ರತಿಯೊಂದು ಅಣುವಿಗೂ ನಾಲ್ಕು ಮಂದಿ ನೆರೆಯವರು. ತನ್ನ ಎರಡು ಜಲಜನಕಗಳನ್ನು ಅದು ಇಬ್ಬರ ಕಡೆಗೆ ಚಾಚುತ್ತದೆ. ತನ್ನ ಎರಡು ಒಂಟಿ ಜೋಡಿಗಳಿಂದ ಇನ್ನಿಬ್ಬರನ್ನು ಬರಮಾಡಿಕೊಳ್ಳುತ್ತದೆ. ಹೀಗೆ ಕಟ್ಟಿದ ಜಾಲದಲ್ಲಿ ನಡುನಡುವೆ ತೆರವು ಇರುವುದರಿಂದ ಮಂಜುಗಡ್ಡೆ ನೀರಿಗಿಂತ ಹಗುರ. ಒಂದು ಘನ ಸೆಂಟಿಮೀಟರ್ ಮಂಜುಗಡ್ಡೆಯ ತೂಕ ಸುಮಾರು 0.92 ಗ್ರಾಂ ಮಾತ್ರ. ನಿಂಬೆಹಣ್ಣಿನ ಪಾನಕದಲ್ಲಿ ಅದು ತೇಲುವುದನ್ನು ನೀವೆಲ್ಲ ನೋಡಿದ್ದೀರಿ. ಚಳಿನಾಡುಗಳ ಸರೋವರಗಳಲ್ಲಿ ಹೆಪ್ಪುಗಟ್ಟಿದ ನೀರು ಮೇಲೆಯೇ ತೇಲಿ ಹೊದಿಕೆಯಾಗುತ್ತದೆ. ಅದರ ಕೆಳಗಿನ ನೀರಿನಲ್ಲಿ ಮೀನುಗಳು ಜೀವ ಹಿಡಿದಿರುತ್ತವೆ. ಯಾವ ಗೆರೆಗೂ ಸೇರದ ಆ ನಾಲ್ಕು ಚುಕ್ಕೆಗಳೇ ನೆರೆಯವರಿಗೆ ತೆರೆದಿಟ್ಟ ಬಾಗಿಲುಗಳು. ನಾನು ಆ ಬಾಗಿಲುಗಳನ್ನು ಅನವಶ್ಯಕವೆಂದು ಮುಚ್ಚಿಸಿದ್ದೆ!

ಈ ವಿದ್ಯೆಗೂ ನಮ್ಮ ಊರಿಗೂ ಹತ್ತಿರದ ನಂಟು ಉಂಟು. ಜಯನಗರಕ್ಕೆ ಅಂಟಿಕೊಂಡಿರುವ ಬಸವನಗುಡಿಯಲ್ಲಿ ಆಚಾರ್ಯ ಪಾಠಶಾಲೆ ಇದೆ. 1940ರ ದಶಕದಲ್ಲಿ ಅಲ್ಲಿ ಒಬ್ಬ ಹುಡುಗ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದ. ಆ ಶಾಲೆಗೆ ಒಮ್ಮೆ ಸರ್ ಸಿ. ವಿ. ರಾಮನ್ ಬಂದಿದ್ದರು, ಅವರನ್ನು ಕಂಡದ್ದು ಆ ಹುಡುಗನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಅವರೇ ಮುಂದೆ ಲೋಕವಿಖ್ಯಾತ ರಸಾಯನಶಾಸ್ತ್ರಜ್ಞರಾದ ಸಿ. ಎನ್. ಆರ್. ರಾವ್. 1934ರಲ್ಲಿ ಜನಿಸಿದ ಅವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಿಂದ 1958ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಅವರು ಎಲೆಕ್ಟ್ರಾನುಗಳ ಕಿರಣವನ್ನು ಅನಿಲದ ಮೂಲಕ ಹಾಯಿಸಿ, ಅದು ಚದುರುವ ರೀತಿಯಿಂದ ಅಣುಗಳ ಬಂಧಗಳ ಉದ್ದವನ್ನೂ ಕೋನಗಳನ್ನೂ ಅಳೆಯುವ ಕೆಲಸದಲ್ಲಿ ತೊಡಗಿದ್ದರು. ಚುಕ್ಕೆಚಿತ್ರಗಳಿಂದ ನಾವು ಊಹಿಸುವ ಆಕಾರಗಳು ನಿಜವೋ ಅಲ್ಲವೋ ಎಂಬುದು ಇಂತಹ ಅಳತೆಗಳಿಂದಲೇ ನಿರ್ಧಾರವಾಗುವುದು. 2014ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು.

ಜಲಜನಕ ಬಂಧದ ವಿಷಯದಲ್ಲಿಯೂ ಬೆಂಗಳೂರಿಗೆ ಒಂದು ಸ್ಥಾನವಿದೆ. ಆ ಬಂಧವೆಂದರೆ ನಿಖರವಾಗಿ ಏನು ಎಂಬುದನ್ನು ಹೊಸದಾಗಿ ವಿಚಾರಿಸಲು ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವು ಒಂದು ತಂಡವನ್ನು ನೇಮಿಸಿತು. ಅದರ ನೇತೃತ್ವವನ್ನು ವಹಿಸಿದವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್, ಅದೇ ಸಂಸ್ಥೆಯ ಗೌತಮ್ ದೇಸಿರಾಜು ಅವರೂ ತಂಡದಲ್ಲಿದ್ದರು. ಆ ತಂಡದ ಹೊಸ ವ್ಯಾಖ್ಯೆ 2011ರಲ್ಲಿ ಪ್ರಕಟವಾಯಿತು. ಎಲ್ಲರೂ ಬಲ್ಲೆವೆಂದು ತಿಳಿದಿದ್ದ ಮಾತನ್ನೂ ವಿಜ್ಞಾನ ಮತ್ತೆ ಮತ್ತೆ ಕೈಗೆತ್ತಿಕೊಂಡು ತಿದ್ದುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಲೂಯಿಸನ ಚುಕ್ಕೆಗಳಿಗೂ ಒಂದು ಎಲ್ಲೆಯುಂಟು. ಆಮ್ಲಜನಕದ ಅಣುವಿನ ಚಿತ್ರದಲ್ಲಿ ಹನ್ನೆರಡು ಚುಕ್ಕೆಗಳನ್ನೂ ಅಚ್ಚುಕಟ್ಟಾಗಿ ಜೊತೆಮಾಡಿ ಬರೆಯಬಹುದು. ಆದರೆ ಬಹಳ ತಂಪುಗೊಳಿಸಿ ದ್ರವವನ್ನಾಗಿ ಮಾಡಿದ ಆಮ್ಲಜನಕವನ್ನು ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಸುರಿದರೆ ಅದು ಅಲ್ಲಿಯೇ ಅಂಟಿ ನಿಲ್ಲುತ್ತದೆ. ಅದರಲ್ಲಿ ಜೊತೆಯಾಗದ ಎರಡು ಎಲೆಕ್ಟ್ರಾನುಗಳಿವೆ ಎಂಬುದಕ್ಕೆ ಇದು ಗುರುತು. ಚಿತ್ರವು ವಸ್ತುವಿನ ಕಡೆಗೆ ಬೆರಳು ತೋರಿಸುತ್ತದೆ, ಚಿತ್ರವೇ ವಸ್ತುವಲ್ಲ. ಕಾಗದದ ಮೇಲೆ ಚಪ್ಪಟೆಯಾಗಿ ಬರೆದುದನ್ನು ಮನಸ್ಸಿನಲ್ಲಿ ಎತ್ತಿ ನಿಲ್ಲಿಸಿ ನೋಡುವುದನ್ನು ನಾವು ಕಲಿಯಬೇಕು.

ಬಲೂನುಗಳ ಪಾಠ ಮುಗಿದ ಮಾರನೆಯ ದಿನ ನಾನು ವಿಜ್ಞಾನದ ಮೇಷ್ಟ್ರ ಅನುಮತಿ ಪಡೆದು ಒಂಬತ್ತನೆಯ ತರಗತಿಗೆ ಹೋದೆ. ಕಪ್ಪುಹಲಗೆಯ ಮೇಲೆ ನೀರಿನ ಅಣುವನ್ನು ನಾಲ್ಕು ಚುಕ್ಕೆಗಳಿಲ್ಲದೆ ಬರೆದೆ. "ಹೋದ ವಾರ ಈ ತರಗತಿಯಲ್ಲಿ ಒಬ್ಬರ ಚಿತ್ರ ಸರಿಯಾಗಿತ್ತು. ಅದನ್ನು ಕೆಡಿಸಿದವನು ನಾನು. ತಿಳಿಯದ ವಿಷಯದಲ್ಲಿ ತಿಳಿದವನಂತೆ ಮಾತನಾಡಿದೆ. ಅಳಿಸಿದವನೇ ಬರೆಯಬೇಕಾದುದು ನ್ಯಾಯ" ಎಂದು ಹೇಳಿ ಆ ನಾಲ್ಕು ಚುಕ್ಕೆಗಳನ್ನು ಒಂದೊಂದಾಗಿ ಇಟ್ಟೆ. ತರಗತಿ ನಿಶ್ಶಬ್ದವಾಗಿತ್ತು. ಆ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು.

ತರಗತಿ ಬಿಟ್ಟ ಮೇಲೆ ಅವಳನ್ನು ಕರೆದು, "ಅಂದು ನೀನು ಏನೋ ಹೇಳಲು ಬಂದೆಯಲ್ಲಮ್ಮಾ, ಏಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ಹೇಳಿದ ಮೇಲೆ ನನ್ನದೇ ತಪ್ಪಿರಬಹುದು ಎಂದುಕೊಂಡೆ, ಸಾರ್" ಎಂದಳು.

ಅಂಕಗಳನ್ನು ವಿಜ್ಞಾನದ ಮೇಷ್ಟ್ರು ಅಂದೇ ಸರಿಪಡಿಸಿದರು. ಅವಳ ಆ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿದೆ. ಎಣಿಸಿ ಇಟ್ಟ ಚುಕ್ಕೆಯನ್ನು ಯಾರೇ ಅಳಿಸೆಂದರೂ "ಏಕೆ?" ಎಂದು ವಿನಯದಿಂದ ಕೇಳುವ ಧೈರ್ಯ ಮಕ್ಕಳಿಗೆ ಇರಬೇಕು. ಆ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ತಾಳ್ಮೆ ಹಿರಿಯರಿಗೆ ಇರಬೇಕು. ಅಂದಿನಿಂದ ತರಗತಿಯಲ್ಲಿ ಯಾವ ಮಗು ಬಾಯಿ ತೆರೆದು ಮತ್ತೆ ಮುಚ್ಚಿದರೂ ನಾನು ಮುಂದೆ ಹೋಗದೆ ಅಲ್ಲಿಯೇ ನಿಲ್ಲುವುದನ್ನು ರೂಢಿ ಮಾಡಿಕೊಂಡೆ.

ಪದಗಳ ಅರ್ಥ

ಅಡ್ಡರಸ್ತೆ – ಮುಖ್ಯ ರಸ್ತೆಯಿಂದ ಒಡೆದು ಹೋಗುವ ಚಿಕ್ಕ ರಸ್ತೆ
ಕವಚ – ಹೊದಿಕೆ. ಇಲ್ಲಿ, ಬೀಜಕೇಂದ್ರದ ಸುತ್ತ ಎಲೆಕ್ಟ್ರಾನುಗಳು ಇರುವ ನೆಲೆ
ಚತುರ್ಮುಖಿ – ನಾಲ್ಕು ತ್ರಿಕೋನ ಮುಖಗಳುಳ್ಳ ಘನಾಕೃತಿ
ತಟಸ್ಥ – ಯಾವ ಕಡೆಗೂ ಸೇರದ, ಸುಮ್ಮನಿರುವ
ನೆಗ್ಗಿಲು – ನೆಲದ ಮೇಲೆ ಹರಡುವ, ಮುಳ್ಳುಕಾಯಿಯ ಸಣ್ಣ ಬಳ್ಳಿ
ಮುಕ್ಕಾಲಿ – ಮೂರು ಕಾಲುಗಳ ಪೀಠ
ವ್ಯಾಖ್ಯೆ – ಒಂದು ವಿಷಯ ಇಂತಹುದೆಂದು ಖಚಿತವಾಗಿ ಹೇಳುವ ಮಾತು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ವೇಲೆನ್ಸಿ ಎಲೆಕ್ಟ್ರಾನುಗಳು ಎಂದರೇನು?
2. ಲೂಯಿಸನು ತನ್ನ ಮುಖ್ಯ ಲೇಖನವನ್ನು ಯಾವ ವರ್ಷದಲ್ಲಿ ಪ್ರಕಟಿಸಿದನು?
3. ನೀರಿನ ಅಣುವಿನಲ್ಲಿ ಬಂಧಗಳ ನಡುವಣ ಕೋನವೆಷ್ಟು?
4. ಜಲಜನಕ ಬಂಧದ ಹೊಸ ವ್ಯಾಖ್ಯೆಯನ್ನು ರೂಪಿಸಿದ ತಂಡದ ನೇತೃತ್ವವನ್ನು ಯಾರು ವಹಿಸಿದ್ದರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮೀಥೇನ್, ಅಮೋನಿಯ, ನೀರು ಈ ಮೂರರಲ್ಲಿಯೂ ಎಂಟು ಚುಕ್ಕೆಗಳಿದ್ದರೂ ಆಕಾರಗಳು ಬೇರೆಯಾಗಲು ಕಾರಣವೇನು?
2. ಮಂಜುಗಡ್ಡೆ ನೀರಿನಲ್ಲಿ ಏಕೆ ತೇಲುತ್ತದೆ?
3. "ಅಳಿಸಿದವನೇ ಬರೆಯಬೇಕಾದುದು ನ್ಯಾಯ." ಈ ಮಾತಿನ ಸಂದರ್ಭವನ್ನೂ ಸ್ವಾರಸ್ಯವನ್ನೂ ವಿವರಿಸಿರಿ.

ಇ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಪರಮಾಣು, ಏಕೈಕ, ಮನೆಯಂಗಳ, ಮೇಲೊಂದು

ಈ. ಮಾಡಿ ನೋಡಿರಿ.
ಒಂದೇ ಗಾತ್ರದ ನಾಲ್ಕು ಬಲೂನುಗಳನ್ನು ಊದಿ, ಬಾಯಿಗಳನ್ನು ಒಂದೆಡೆ ಸೇರಿಸಿ ಕಟ್ಟಿ, ಅವು ನಿಲ್ಲುವ ರೀತಿಯನ್ನು ಗಮನಿಸಿರಿ. ಎರಡು ಬಲೂನುಗಳನ್ನು ಒಂಟಿ ಜೋಡಿಗಳೆಂದು ಭಾವಿಸಿ, ಮಿಕ್ಕ ಎರಡು ತೋರುವ ಆಕಾರವನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ.